ಐದು ಜನ, ತಣ್ಣೀರು, ಕಾಯಲು ಒಲ್ಲದ ಒಬ್ಬ ಗೆಳೆಯ: ಕೈಕೋರ ಪ್ರವಾಸಕ್ಕೆ ಸಲಹೆ ಬೇಕು

ಬೋಟ್ ಮೆಕ್ಯಾನಿಕ್, ಮಲ್ಪೆ

ಬರುವ ಫೆಬ್ರವರಿ ಕೊನೆಯಲ್ಲಿ ನಾವು ಐವರು ನ್ಯೂಜಿಲೆಂಡಿನ ಕೈಕೋರದಲ್ಲಿ ಒಂದು ವಾರ ಇರುತ್ತೇವೆ. ಭಾವ ಕ್ರೈಸ್ಟ್‌ಚರ್ಚ್‌ನಲ್ಲಿ ನೆಲೆಸಿ ಒಂಬತ್ತು ವರ್ಷವಾಯಿತು. ಅಲ್ಲಿಂದ ಉತ್ತರಕ್ಕೆ ಸುಮಾರು 180 ಕಿಲೋಮೀಟರ್ ದೂರ, ಮನೆಯನ್ನೂ ಅವರೇ ಗೊತ್ತು ಮಾಡಿದ್ದಾರೆ. ಹಗಲು ಉಸಿರು ಹಿಡಿದು ಮುಳುಗಿ, ಈಟಿ ಹಾರಿಸುವ ಸ್ಪಿಯರ್‌ಗನ್‌ನಲ್ಲಿ ಮೀನು ಹೊಡೆಯುವುದು, ಸಂಜೆ ಅದನ್ನು ಹುರಿಯುವುದು. ಹುರಿಯುವ ವಿಷಯದಲ್ಲಿ ನಮಗೆ ಯಾರ ಸಲಹೆಯೂ ಬೇಡ. ಉಳಿದದ್ದಕ್ಕೆ ಬೇಕು.

ನನಗೆ 41 ವರ್ಷ. ಮಲ್ಪೆಯಲ್ಲಿ ಬೋಟಿನ ಇಂಜಿನ್ ಬಿಚ್ಚುವ ಕೆಲಸ. ಉಸಿರು ಹಿಡಿದು 15 ಮೀಟರ್ ಹೋಗುತ್ತೇನೆ. ನಾದಿನಿ ಫಿಸಿಯೋಥೆರಪಿಸ್ಟ್, ಅಂಡಮಾನಿನಲ್ಲಿ ಫ್ರೀಡೈವಿಂಗ್ ಕೋರ್ಸ್ ಮಾಡಿ ಬಂದವಳು. ಅವಳೂ ಅಷ್ಟೇ ಆಳ, ಆದರೆ ನನಗಿಂತ ನಿಧಾನ, ನನಗಿಂತ ಅಚ್ಚುಕಟ್ಟು. ಬ್ಯಾಂಕಿನಲ್ಲಿರುವ ಗೆಳೆಯ 10 ಮೀಟರ್. ಮುಳುಗುವ ಮುನ್ನ ಇಪ್ಪತ್ತು ಸಲ ಬುಸುಬುಸು ಉಸಿರಾಡುತ್ತಾನೆ, ಅದರಿಂದ ಹೆಚ್ಚು ಹೊತ್ತು ಇರಬಹುದಂತೆ. ಭಾವನಿಗೆ ಈಜು ಬರುತ್ತದೆ, ಆದರೆ ಐದು ಮೀಟರ್ ಇಳಿದರೆ ಕಿವಿ ಬಿಡುವುದಿಲ್ಲ. ಐದನೆಯವನು ಐಸ್ ಪ್ಲಾಂಟ್ ನಡೆಸುವ ಗೆಳೆಯ. 22 ಮೀಟರ್ ಸಲೀಸಾಗಿ ಹೋಗಿ ಬರುತ್ತಾನೆ.

ನಮ್ಮಲ್ಲಿ ನೀರು 28, 29 ಡಿಗ್ರಿ. ಅಲ್ಲಿ ಬೇಸಿಗೆಯಲ್ಲೂ 15, 16 ಎಂದು ಭಾವ ಹೇಳಿದಾಗ ಹದಿನೈದು ಡಿಗ್ರಿ ಹೇಗಿರುತ್ತದೆ ನೋಡೋಣ ಎಂದು ಮೀನು ಹಾಕುವ ಫೈಬರ್ ಟ್ಯಾಂಕಿಗೆ ನೀರು ತುಂಬಿಸಿ, ಬೋಟಿಗೆ ಹೋಗುವ ಮಂಜುಗಡ್ಡೆಯನ್ನು ಒಡೆದು ಹಾಕಿದೆವು. ಥರ್ಮಾಮೀಟರ್ 14 ತೋರಿಸಿತು. ಮೊದಲು ಕುಳಿತವನು ನಾನು. ಎದೆಗೆ ಯಾರೋ ಒದ್ದ ಹಾಗೆ ಉಸಿರು ಒಳಕ್ಕೆ ಎಳೆದುಕೊಂಡಿತು. ಈಜುಕೊಳದಲ್ಲಿ ಮೂರು ನಿಮಿಷ ಹಿಡಿಯುವ ನಾನು ಅಲ್ಲಿ ಮೂವತ್ತೈದು ಸೆಕೆಂಡಿಗೆ ತಲೆ ಎತ್ತಿದೆ. ಅಂಥ ನೀರಿನಲ್ಲಿ ಮೀನು ಹೊಡೆಯಲು ಆಗುತ್ತದೆಯೇ? ವೆಟ್‌ಸೂಟ್ ಎಷ್ಟು ದಪ್ಪ ಬೇಕು? ತೂಕದ ಬೆಲ್ಟಿಗೆ ಇಲ್ಲಿಂದಲೇ ಬಲೆಯ ಸೀಸ ಒಯ್ಯಬಹುದೇ? ಐವರಲ್ಲಿ ಜೋಡಿ ಮಾಡುವುದು ಹೇಗೆ?

ಇನ್ನೊಂದು ಮಾತು. ಕಳೆದ ಜನವರಿಯಲ್ಲಿ ಕಾಪು ಕಡೆಯ ಬಂಡೆಗಳ ಹತ್ತಿರ ಐಸ್ ಪ್ಲಾಂಟಿನವನೂ ನಾನೂ ಜೋಡಿಯಾಗಿದ್ದೆವು. ಅವನು ಒಂದು ಮುರು ಮೀನಿನ ಹಿಂದೆ ಹೋದ. ನೀರು ಕಲಕಿತ್ತು. ನಾನು ಮೇಲೆ ಸುತ್ತುತ್ತಾ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಅವನನ್ನು ಹುಡುಕಿದೆ. ಕೊನೆಗೆ ನಲವತ್ತು ಮೀಟರ್ ಆಚೆ ಎದ್ದು, ಮೀನು ತಪ್ಪಿತೆಂದು ನಗುತ್ತಿದ್ದ. ನಾನೂ ನಕ್ಕೆ. ಈಗಲೂ ಅದು ಗಂಟಲಲ್ಲಿ ಕುಳಿತಿದೆ. ಹೇಗೆ ಹೇಳುವುದು ಗೊತ್ತಾಗುತ್ತಿಲ್ಲ, ಒಂದನೇ ತರಗತಿಯಿಂದ ಗೆಳೆಯ.

ಕಿವಿ ಒತ್ತು, ಮಂಗಳೂರು

ಕೊನೆಯಲ್ಲಿ ಬರೆದಿರುವುದೇ ನಿಮ್ಮ ನಿಜವಾದ ಪ್ರಶ್ನೆ, ಮಾರಾಯರೇ. ಅದಕ್ಕೆ ಆಮೇಲೆ ಬರುತ್ತೇನೆ.

ಟ್ಯಾಂಕಿನಲ್ಲಿ ನಿಮಗೆ ಆದದ್ದು ತಣ್ಣೀರಿನ ಆಘಾತ. ಚರ್ಮಕ್ಕೆ ಒಮ್ಮೆಲೇ ತಂಪು ತಗುಲಿದರೆ ನಾವು ಬೇಡವೆಂದರೂ ಉಸಿರು ಒಳಗೆ ಹೋಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ತಲೆ ಮುಳುಗಿಸಿ ಉಸಿರು ಹಿಡಿದದ್ದು ತಪ್ಪು. ಇನ್ನು ಮುಂದೆ ಟ್ಯಾಂಕಿನಲ್ಲಿ ಕುಳಿತುಕೊಳ್ಳಿ, ಮುಖ ತೊಳೆಯಿರಿ, ಉಸಿರು ಶಾಂತವಾಗುವವರೆಗೆ ಕಾಯುವುದನ್ನು ಕಲಿಯಿರಿ, ಅಷ್ಟೇ. ಒಬ್ಬರೇ ಕೂರಬೇಡಿ. ಸೂಟು ಹಾಕಿದ ಮೇಲೆ ಈ ಹೊಡೆತ ಅರ್ಧಕ್ಕರ್ಧ ಇರುವುದಿಲ್ಲ. ಆದರೂ ಅಲ್ಲಿ ಮೊದಲ ದಿನ ಗನ್ ಮನೆಯಲ್ಲೇ ಇರಲಿ. ಇಲ್ಲಿನ ಮೂರು ನಿಮಿಷ ಅಲ್ಲಿ ಒಂದೂವರೆಯಾದರೂ ಬೇಸರಿಸಬೇಡಿ.

ಬ್ಯಾಂಕಿನವರ ಬುಸುಬುಸು ಇವತ್ತೇ ನಿಲ್ಲಬೇಕು. ಹಾಗೆ ಉಸಿರಾಡಿದರೆ ಆಮ್ಲಜನಕ ಹೆಚ್ಚು ತುಂಬಿಕೊಳ್ಳುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ. ‘ಸಾಕು, ಮೇಲೆ ಹೋಗು’ ಎಂದು ದೇಹ ಗೋಗರೆಯುವುದು ಅದು ಏರಿದಾಗ. ಗಂಟೆ ಬಾರಿಸುವವನನ್ನೇ ಮನೆಗೆ ಕಳುಹಿಸಿ ಕಾವಲು ಕೂತ ಹಾಗೆ. ಇನ್ನೂ ಬೇಕಾದಷ್ಟು ಹೊತ್ತಿದೆ ಎಂದುಕೊಂಡಿರುವಾಗಲೇ ಪ್ರಜ್ಞೆ ತಪ್ಪುತ್ತದೆ. ಅದೂ ಹೆಚ್ಚಾಗಿ ತಳದಲ್ಲಲ್ಲ, ಮೇಲೆ ಬರುವಾಗ, ಕೊನೆಯ ಹತ್ತು ಮೀಟರಿನಲ್ಲಿ ಅಥವಾ ತಲೆ ನೀರಿನಿಂದ ಹೊರಗೆ ಬಂದ ಮೇಲೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಏರಿದಂತೆ ಅದು ಅರ್ಧಕ್ಕೆ ಇಳಿಯುತ್ತದೆ, ಎದೆಗೂಡಿನಲ್ಲಿ ಉಳಿದ ಚೂರು ಆಮ್ಲಜನಕದ ಒತ್ತಡವೂ ಹಾಗೆಯೇ ಕುಸಿಯುತ್ತದೆ.

ಈಗ ನಿಮ್ಮ ಗೆಳೆಯನ ವಿಷಯ. ಒಬ್ಬ ಕೆಳಗಿದ್ದಾಗ ಇನ್ನೊಬ್ಬ ಮೇಲಿರಬೇಕು. ಎದ್ದವನು ಸರಿ ಎಂದು ಕೈಮಾಡಿದ ಮೇಲೂ ಮೂವತ್ತು ಸೆಕೆಂಡು ಅವನ ಮುಖ ನೋಡುತ್ತಿರಬೇಕು. ಕಾಪುವಿನಲ್ಲಿ ಅವನು ನಲವತ್ತು ಮೀಟರ್ ಆಚೆ ಎದ್ದಾಗ ಪ್ರಜ್ಞೆ ತಪ್ಪಿದ್ದರೆ ನೀವು ಅವನಿಗೆ ಜೋಡಿಯಲ್ಲ, ದಂಡೆಯ ಪ್ರೇಕ್ಷಕ. ಉಪದೇಶ ಮಾಡಿದರೆ ಅಂಥವರು ಕೇಳುವುದಿಲ್ಲ. ಒಂದು ಉಪಾಯವಿದೆ: ಜೋಡಿಗೆ ಒಂದೇ ಗನ್. ಅವನು ಹೊಡೆಯುವಾಗ ನಿಮ್ಮ ಕೈ ಖಾಲಿ, ನೀವು ಹೊಡೆಯುವಾಗ ಅವನ ಕೈ ಖಾಲಿ. ಗನ್‌ಗೆ ಹಗ್ಗ ಕಟ್ಟಿ ನೀರಿನ ಮೇಲೆ ತೇಲುವ ಫ್ಲೋಟ್‌ಗೆ ಸೇರಿಸಿ. ಅವನು ಎಲ್ಲಿ ಹೋದರೂ ಫ್ಲೋಟು ಹೇಳುತ್ತದೆ.

ಭಾವನನ್ನು ಸೇರಿಸಿ ಎರಡು ಮತ್ತು ಮೂರು ಮಾಡಿ. ಮೂವರಿದ್ದರೆ ಲೆಕ್ಕ ಚೆನ್ನಾಗಿ ಕೂರುತ್ತದೆ. ಮುಳುಗಿದ ಹೊತ್ತಿನ ಎರಡರಷ್ಟಾದರೂ ಮೇಲೆ ವಿಶ್ರಾಂತಿ ಬೇಕು. ಉಳಿದಿಬ್ಬರು ಸರದಿಯಲ್ಲಿ ಹೋಗಿ ಬರುವಷ್ಟರಲ್ಲಿ ಅದು ತಾನಾಗಿ ಸಿಗುತ್ತದೆ.

ತೆಂಕಣ ದ್ವೀಪ (ಊರು ಕುಂದಾಪುರ)

ನಾನು ಇಲ್ಲಿ ಸೌತ್ ಐಲ್ಯಾಂಡಿನಲ್ಲಿ ಇದ್ದೇನೆ. ಕೈಕೋರಕ್ಕೆ ವರ್ಷಕ್ಕೆ ಮೂರು ನಾಲ್ಕು ಸಲ ಹೋಗುತ್ತೇನೆ.

ಮೊದಲು ವಿಮಾನ ನಿಲ್ದಾಣದ ವಿಷಯ, ಊರಿನವರು ಹೆಚ್ಚಾಗಿ ಎಡವುವುದು ಅಲ್ಲಿ. ಬಳಸಿದ ಫಿನ್, ಮಾಸ್ಕ್, ಸೂಟು, ಗನ್ ಎಲ್ಲವನ್ನೂ ಉಜ್ಜಿ ತೊಳೆದು ಒಣಗಿಸಿ ತನ್ನಿ. ಮರಳು, ಪಾಚಿ ಅಂಟಿರಬಾರದು. ದೇಶದೊಳಗೆ ಬರುವಾಗ ತುಂಬುವ ನಮೂನೆಯಲ್ಲಿ ಇವನ್ನು ಬರೆಯಿರಿ. ಅಮ್ಮ ಕಟ್ಟಿಕೊಡುವ ಒಣಮೀನು, ಉಪ್ಪಿನಕಾಯಿ, ಹಪ್ಪಳವನ್ನೂ ಬರೆಯಿರಿ. ಬರೆದರೆ ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಸೀಸ ತರಲೇಬೇಡಿ, ಬಾಡಿಗೆಗೆ ಇಲ್ಲೇ ಸಿಗುತ್ತದೆ; ಆ ತೂಕಕ್ಕೆ ಬೇರೆ ಏನಾದರೂ ತುಂಬಿಸಬಹುದು. ಗನ್ ಕೈಚೀಲದಲ್ಲಿ ಬರುವುದಿಲ್ಲ, ದೊಡ್ಡ ಸಾಮಾನಿನಲ್ಲಿ; ಅದನ್ನೂ ವಿಮಾನ ಕಂಪನಿಗೆ ಮೊದಲೇ ಕೇಳಿ.

ಸೂಟು: ಚಳಿ ಗೊತ್ತಿಲ್ಲದವರಿಗೆ 7 ಮಿಲಿಮೀಟರ್, ಗೊತ್ತಿದ್ದವರಿಗೆ 5. ಎರಡು ತುಂಡಿನದು, ಟೊಪ್ಪಿ ಜೊತೆಗೇ ಇರುವ, ಒಳಗೆ ಬಟ್ಟೆಯ ಅಸ್ತರಿಲ್ಲದ ತೆರೆದ ರಬ್ಬರಿನದು. ಮೈಗೆ ಅಂಟಿಕೊಳ್ಳುವುದರಿಂದ ಬಿಸಿ ನಿಲ್ಲುತ್ತದೆ. ಆದರೆ ಒಣ ಮೈಗೆ ಎಳೆದರೆ ಉಗುರಿಗೆ ಸಿಕ್ಕಿ ಹರಿಯುತ್ತದೆ. ಕೂದಲಿಗೆ ಹಚ್ಚುವ ಕಂಡೀಷನರನ್ನು ನೀರಿಗೆ ಕಲಸಿ ಒಳಗೆ ಸುರಿದು ಹಾಕಿಕೊಳ್ಳಬೇಕು. ನಾನು ಮೊದಲ ಸೂಟನ್ನು ಹತ್ತೇ ನಿಮಿಷದಲ್ಲಿ ಹರಿದವನು, ಅನುಭವದಿಂದ ಹೇಳುತ್ತಿದ್ದೇನೆ.

ದಪ್ಪ ಸೂಟು ತೇಲಿಸುತ್ತದೆ, ಅದಕ್ಕೆ ತೂಕ ಬೇಕು. ಆಳಕ್ಕೆ ಹೋದಂತೆ ರಬ್ಬರು ಒತ್ತಿಕೊಂಡು ತೇಲುವ ಗುಣ ಕಡಿಮೆಯಾಗುತ್ತದೆ, ಆಗ ಅದೇ ತೂಕ ಕೆಳಗೆ ಎಳೆಯುತ್ತದೆ. ಸುಮಾರು ಹತ್ತು ಮೀಟರಿನಲ್ಲಿ ಏಳದೆ ಮುಳುಗದೆ ನಿಲ್ಲುವಷ್ಟು ಇಟ್ಟುಕೊಳ್ಳಿ. ಮೇಲೆ ಉಸಿರು ಪೂರ್ತಿ ಬಿಟ್ಟಾಗಲೂ ತೇಲುತ್ತಿರಬೇಕು. ಸಿಹಿನೀರಿನ ಈಜುಕೊಳದ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಸಮುದ್ರದಲ್ಲಿ ಸ್ವಂತಕ್ಕೆ ಮೀನು ಹಿಡಿಯಲು ಲೈಸೆನ್ಸ್ ಬೇಡ. ನಿಯಮ ಮಾತ್ರ ಕಟ್ಟುನಿಟ್ಟು. ಮಾರುವಂತಿಲ್ಲ. ಬ್ಲೂ ಕಾಡ್ ಎಂಬ ಮೀನು 33 ಸೆಂಟಿಮೀಟರಿಗಿಂತ ಚಿಕ್ಕದಾದರೆ ಮುಟ್ಟುವಂತಿಲ್ಲ, ಹೊಡೆದ ಮೇಲೆ ಅಳೆದು ಏನು ಪ್ರಯೋಜನ? ಕಣ್ಣಳತೆ ಮೊದಲೇ ಕಲಿಯಿರಿ. ಕಲ್ಲುಸಿಗಡಿಗೆ ಈಟಿ ಚುಚ್ಚುವಂತಿಲ್ಲ. 2016ರ ನವೆಂಬರಿನ ಭೂಕಂಪದಲ್ಲಿ ಇಲ್ಲಿ ಕಡಲ ತಳವೇ ಮೇಲಕ್ಕೆದ್ದು ಪಾವಾ ಎಂಬ ಚಿಪ್ಪುಜೀವಿಗಳು ರಾಶಿರಾಶಿ ಸತ್ತವು. ಅದನ್ನು ಹಿಡಿಯಲು ವರ್ಷಗಟ್ಟಲೆ ನಿಷೇಧವಿತ್ತು, ಆಮೇಲೆ ಗೊತ್ತುಪಡಿಸಿದ ಅವಧಿಗೆ ಮಾತ್ರ ತೆರೆದರು. 2014ರಿಂದ ಹಿಕುರಂಗಿ ಎಂಬ ಸಾಗರ ಮೀಸಲು ಪ್ರದೇಶವೂ ಇದೆ, ಅದರೊಳಗೆ ಒಂದು ಚಿಪ್ಪನ್ನೂ ಎತ್ತುವಂತಿಲ್ಲ. ನಕ್ಷೆ ಮತ್ತು ದಿನದ ಮಿತಿ ಸರ್ಕಾರದ ಮೀನುಗಾರಿಕಾ ನಿಯಮಗಳ ಆ್ಯಪ್‌ನಲ್ಲಿವೆ. ಹೊರಡುವ ಹಿಂದಿನ ರಾತ್ರಿ ನೋಡಿ, ಇವತ್ತಲ್ಲ.

ನಿಮ್ಮ ಮಟ್ಟಕ್ಕೆ ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯ ಕಾಡಿನ ಬಟರ್‌ಫಿಶ್ ಸರಿ. ಐದಾರು ಮೀಟರಿನಲ್ಲೇ ಸಿಗುತ್ತದೆ, 22 ಮೀಟರ್ ಬೇಕಾಗಿಲ್ಲ. ರುಚಿ ನಮ್ಮ ಕಾಣೆಯ ಹತ್ತಿರ ಬರುವುದಿಲ್ಲ, ಆದರೆ ರವೆ ಹಾಕಿ ಹುರಿದರೆ ಬೈಯುವುದಿಲ್ಲ.

ಮೂವರ ಗುಂಪಿನ ಬಗ್ಗೆ ಮೇಲಿನವರ ಮಾತನ್ನು ನಾನು ಒಪ್ಪುವುದಿಲ್ಲ. ಬೆಚ್ಚನೆಯ ನೀರಿನಲ್ಲಿ ಅದು ಸರಿ. ಇಲ್ಲಿ ತೇಲುತ್ತಾ ಸರದಿ ಕಾಯುವವನೇ ಮೊದಲು ನಡುಗುವವನು. ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಎರಡು, ಎರಡು, ದಂಡೆಯಲ್ಲಿ ಒಬ್ಬರು. ಭಾವ ದಂಡೆಯಲ್ಲಿರಲಿ: ಕೈಯಲ್ಲಿ ಫೋನು, ಜೇಬಿನಲ್ಲಿ ಕಾರಿನ ಕೀಲಿ, ಥರ್ಮಾಸಿನಲ್ಲಿ ಬಿಸಿನೀರು. ತುರ್ತು ಸಂಖ್ಯೆ 111.

ಪಚ್ಚಿಲೆ, ಸಸಿಹಿತ್ಲು

ನನಗೆ 63. ಸೂಟು ಗೀಟು ಗೊತ್ತಿಲ್ಲ. ನಲವತ್ತು ವರ್ಷ ಬಂಡೆಯಿಂದ ಪಚ್ಚಿಲೆ ಚಿಪ್ಪು ಕಿತ್ತಿದ್ದೇನೆ, ಕೈಯಲ್ಲಿ ಒಂದು ಉಳಿ, ಸೊಂಟಕ್ಕೆ ಬಲೆಚೀಲ.

ನಮ್ಮ ಕಾಲದಲ್ಲಿ ಯಾರಿಗೂ ಜೋಡಿ ಎಂಬ ಹೆಸರಿರಲಿಲ್ಲ, ಆದರೆ ಒಬ್ಬ ಇಳಿದರೆ ಇನ್ನೊಬ್ಬ ಬಂಡೆಯ ಮೇಲೆ ಬೀಡಿ ಹಚ್ಚುತ್ತಿದ್ದ. ಬೀಡಿ ಅರ್ಧವಾದರೂ ತಲೆ ಕಾಣದಿದ್ದರೆ ಹಾರುತ್ತಿದ್ದ. ಬೀಡಿ ಒಳ್ಳೆಯದೆಂದು ಹೇಳುತ್ತಿಲ್ಲ, ನನ್ನ ಶ್ವಾಸಕೋಶವೇ ಸಾಕ್ಷಿ.

ಎರಡು ಮಾತು. ಒಂದು, ಅಷ್ಟು ಖರ್ಚು ಮಾಡಿ ಹೋದವರಿಗೆ ಕಡಲು ಕೆಟ್ಟಿದ್ದರೂ ಇಳಿಯದೆ ಇರಲು ಮನಸ್ಸು ಬರುವುದಿಲ್ಲ. ವಾರದಲ್ಲಿ ಮೂರು ದಿನ ಇಳಿಯುವುದಿಲ್ಲ ಎಂದು ಇಲ್ಲಿಂದಲೇ ಲೆಕ್ಕ ಹಾಕಿಕೊಂಡು ಹೋಗಿ. ನಾಲ್ಕನೆಯ ದಿನ ಸಿಕ್ಕಿದರೆ ಲಾಭ. ಎರಡು, ನಡುಕ ಬಂದರೆ ಆ ದಿನ ಮುಗಿಯಿತು. ‘ಇನ್ನೊಂದೇ ಒಂದು’ ಎನ್ನುವವನ ಬೆನ್ನಿಗೆ ಗುದ್ದಿ ಮೇಲೆ ತನ್ನಿ.

ಗೆಳೆಯನಿಗೆ ಹೇಳಲು ನಾಚಿಕೆ ಎಂದಿರಿ. ಅವನ ತಾಯಿಗೆ ಹೇಳಲು ನಾಚಿಕೆಯಾಗುವುದಿಲ್ಲವೇ? ಅಂಥ ದಿನ ಬಂದರೆ ಆ ಮನೆಯ ಬಾಗಿಲಿಗೆ ಹೋಗಬೇಕಾದವರು ನೀವೇ.

ಕಿವಿ ಒತ್ತು, ಮಂಗಳೂರು

ಪಚ್ಚಿಲೆಯಣ್ಣ ಹೇಳಿದ ಮೇಲೆ ನಾನು ಹೇಳುವುದು ಉಳಿದಿಲ್ಲ. ಎರಡು, ಎರಡು, ಒಂದು. ಒಪ್ಪಿದೆ, ಚಳಿಯ ಲೆಕ್ಕ ನಾನು ಹಾಕಿರಲಿಲ್ಲ. ಮರೆತಿದ್ದ ಇನ್ನೊಂದು: ಗನ್‌ಗೆ ರಬ್ಬರು ಎಳೆದು ಹೊಡೆಯಲು ಸಜ್ಜು ಮಾಡುವುದು ನೀರಿನೊಳಗೆ ಮಾತ್ರ, ಹೊರಗೆ ಬರುವ ಮುಂಚೆ ಇಳಿಸಬೇಕು. ಹೊಡೆದ ಮೀನನ್ನು ಸೊಂಟಕ್ಕೆ ಸಿಕ್ಕಿಸಬೇಡಿ, ಫ್ಲೋಟಿಗೆ ಕಟ್ಟಿ. ರಕ್ತದ ವಾಸನೆ ಹಿಡಿದು ಬರುವವರು ಮೊದಲು ಫ್ಲೋಟನ್ನು ನೋಡಲಿ. ಪ್ರವಾಸ ವಿಮೆಯ ಕಾಗದವನ್ನೂ ಓದಿ, ಎಷ್ಟೋ ವಿಮೆಗಳಲ್ಲಿ ಫ್ರೀಡೈವಿಂಗ್ ಹೊರಗಿಟ್ಟಿರುತ್ತಾರೆ.

ಬೋಟ್ ಮೆಕ್ಯಾನಿಕ್, ಮಲ್ಪೆ

ಎಲ್ಲರಿಗೂ ಧನ್ಯವಾದ. ಉತ್ತರ ಬರೆಯಲು ಮೂರು ವಾರವಾಯಿತು, ಋತುವಿನ ಮಧ್ಯೆ ಎರಡು ಬೋಟಿನ ಗೇರ್‌ಬಾಕ್ಸ್ ಒಟ್ಟಿಗೆ ಕೈಕೊಟ್ಟವು.

ಆದದ್ದು ಇಷ್ಟು. ನಾಲ್ಕು ಗನ್ ತರಿಸುವ ಬದಲು ಎರಡೇ. 7 ಮಿಲಿಮೀಟರ್ ಸೂಟು ಬಾಡಿಗೆಗೆ, ಅಳತೆಗಳನ್ನು ಭಾವನಿಗೆ ಕಳುಹಿಸಿದ್ದೇನೆ. ದಂಡೆಯಲ್ಲಿ ಕೂರಬೇಕೆಂದು ಹೇಳಿದ್ದಕ್ಕೆ ಅವರಿಗೆ ಬೇಸರವಾಗುತ್ತದೆ ಎಂದುಕೊಂಡಿದ್ದೆ. ‘ಅಬ್ಬ, ಬದುಕಿದೆ’ ಎಂದರು. ಬ್ಯಾಂಕಿನವನು ನಾದಿನಿಯ ಜೊತೆ. ಬುಸುಬುಸು ಶುರು ಮಾಡಿದರೆ ಅವಳು ಮಾಸ್ಕ್ ಕಿತ್ತುಕೊಳ್ಳುತ್ತಾಳೆ. ಈಗಾಗಲೇ ಎರಡು ಸಲ ಕಿತ್ತುಕೊಂಡಿದ್ದಾಳೆ. ಒಣಮೀನು ಒಯ್ಯುವುದಿಲ್ಲ.

ಐಸ್ ಪ್ಲಾಂಟಿನವನಿಗೆ ಮಾತಿನಲ್ಲಿ ಹೇಳಲು ನನ್ನಿಂದ ಕೊನೆಗೂ ಆಗಲಿಲ್ಲ. ಪಚ್ಚಿಲೆಯಣ್ಣನ ಕೊನೆಯ ಸಾಲನ್ನು ಮೊಬೈಲಿನಲ್ಲಿ ತೆಗೆದು ಅವನ ಮುಂದೆ ಹಿಡಿದೆ. ಓದಿ ಮೊಬೈಲನ್ನು ಹಿಂದಿರುಗಿಸಿದ, ಮಂಜುಗಡ್ಡೆ ಲೋಡು ಮಾಡಲು ಎದ್ದು ಹೋದ.

ಕಳೆದ ಭಾನುವಾರ ಬಂಡೆಯ ಹತ್ತಿರ ಇಳಿದೆವು, ಒಂದೇ ಗನ್, ಮೊದಲ ಸರದಿ ನನ್ನದು. ಏನೂ ಸಿಗಲಿಲ್ಲ. ನಾನು ಎದ್ದು ಉಸಿರು ತೆಗೆದುಕೊಂಡು ಸರಿ ಎಂದು ಕೈಮಾಡಿದರೆ ಅವನು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನನ್ನ ಮುಖವನ್ನೇ ನೋಡುತ್ತಾ ದೊಡ್ಡ ದನಿಯಲ್ಲಿ ತುಳುವಿನಲ್ಲಿ ಎಣಿಸಲು ತೊಡಗಿದ, ಒಂಜಿ, ರಡ್ಡ್, ಮೂಜಿ ಎಂದು. ಗೇಲಿ ಮಾಡುತ್ತಿದ್ದಾನೆ ಎಂದು ಗೊತ್ತು. ಇಪ್ಪತ್ತೆರಡಕ್ಕೆ ನಿಲ್ಲಿಸಿ ಸಾಕೇ ಎಂದು ಕೇಳಿದ. ಸಾಲದು ಎಂದೆ. ಮತ್ತೆ ಒಂದರಿಂದ ಶುರು ಮಾಡಿದ.