ಅಪ್‌ಡೇಟ್: ಬೊಳ್ಳುವಿನ ಕಥೆಗೆ ಕೊನೆಗೂ ಜೀವ ಬಂತು

ನಮ್ಮ ನಾಯಿ ಬೊಳ್ಳುವಿನ ಬಗ್ಗೆ ಏನು ಬರೆದರೂ ಸಪ್ಪೆಯಾಗುತ್ತಿದೆ ಎಂದು ಹೋದ ವಾರ ಕೇಳಿದ್ದೆ ಅಲ್ವಾ? ಒಂದೇ ಘಟನೆ ಹಿಡಿದು ನಡುವಿನಿಂದಲೇ ಶುರು ಮಾಡು ಎಂದವರ ಸಲಹೆ ಕೆಲಸ ಮಾಡಿತು. ನಾಯಿಯೇ ಮಾತಾಡುವ ಹಾಗೆ ಬರೆದದ್ದು ಮಾತ್ರ ಹೊಂದಲಿಲ್ಲ.

ಕಾಸರಗೋಡಿನ ಬದಿಯಡ್ಕದ ನಮ್ಮ ಅಂಗಳದಲ್ಲಿ ಚಾಲಿ ಅಡಿಕೆ (ಸಿಪ್ಪೆ ಸಮೇತ ಬಿಸಿಲಿಗೆ ಹಾಕುವ ಹಣ್ಣಡಿಕೆ) ಒಣಗಲು 40-45 ದಿನ ಬೇಕು, ಅಷ್ಟೂ ದಿನ ಬೊಳ್ಳು ಒಂದೊಂದೇ ಅಡಿಕೆ ಕಚ್ಚಿಕೊಂಡು ಹೋಗಿ ಮಗುಚಿಟ್ಟಿದ್ದ ಅಜ್ಜನ ಮುಟ್ಟಾಳೆಯೊಳಗೆ (ಅಡಿಕೆ ಹಾಳೆಯ ಟೊಪ್ಪಿ) ಹಾಕುತ್ತಿದ್ದ. ಅಜ್ಜ ಅದನ್ನು ತಲೆಗಿಟ್ಟಾಗ ಟಪಟಪ ಉದುರಿದ ಅಡಿಕೆಯಿಂದಲೇ ಶುರು ಮಾಡಿದೆ.

ಅಮ್ಮನಿಗೆ ಗಟ್ಟಿಯಾಗಿ ಓದಿದ್ದರಿಂದ ಇನ್ನೂ ಜಾಸ್ತಿ ಕಲಿತೆ. ಕೇಳುವಾಗ ಅವರು ಏನೂ ಹೇಳದೆ ಸುಮ್ನೆ ಕೂತ ಕಡೆಯೆಲ್ಲ ನನ್ನ ಬರಹದಲ್ಲಿ 'ತುಂಬಾ ಮುದ್ದು', 'ತುಂಬಾ ಜಾಣ' ಎಂದೇ ಇತ್ತು. ಅವನ್ನೆಲ್ಲ ತೆಗೆದೆ. ಎಲ್ಲರಿಗೂ ಥ್ಯಾಂಕ್ಸ್!