500 ಸರ್ಚ್ ಎಂಜಿನ್‌ಗೆ ಸೇರಿಸ್ತೀವಿ ಅಂತಾರೆ, ದುಡ್ಡು ಕೊಡಬಹುದಾ?

ಕೇಳಿದವರು (ಮಂಡ್ಯ): ನಮ್ಮದು ಆಲೆಮನೆ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ ಮಾಡುತ್ತೇವೆ. ಮಗಳು ವೆಬ್‌ಸೈಟ್ ಮಾಡಿಕೊಟ್ಟಿದ್ದಾಳೆ. ಒಬ್ಬರು ದಿನಾ ಫೋನ್ ಮಾಡಿ, 12,000 ರೂಪಾಯಿ ಕೊಟ್ಟರೆ 500 ಸರ್ಚ್ ಎಂಜಿನ್‌ಗೆ ಸೇರಿಸಿ ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ ಅನ್ನುತ್ತಾರೆ. ವ್ಯಾಪಾರಿಗಳ ಹೆಸರು, ಫೋನ್ ನಂಬರ್ ಪಟ್ಟಿ ಮಾಡಿ ತೋರಿಸುವ ಒಂದು ಡೈರೆಕ್ಟರಿಯವರೂ ವರ್ಷಕ್ಕೆ ದುಡ್ಡು ಕಟ್ಟಿದರೆ ನಿಮ್ಮ ಹೆಸರು ಮೇಲೆ ಹಾಕುತ್ತೇವೆ ಅಂದರು. ಹೀಗೆ ಕಟ್ಟಿದವರು ಇದ್ದರೆ ದಯವಿಟ್ಟು ಹೇಳಿ.

ವೆಬ್‌ಸೈಟ್ ಕೆಲಸದವನು, ಮೈಸೂರು: ಅಣ್ಣ, ಆ 12,000 ಕೊಡಲೇಬೇಡಿ. ಸೇರಿಸುವುದಕ್ಕೆ ದುಡ್ಡು ಕೇಳುವ ಕಾಲ ಒಂದಿತ್ತು. ಯಾಹೂ ಡೈರೆಕ್ಟರಿ ಅಂತ ವೆಬ್‌ಸೈಟ್‌ಗಳ ಪಟ್ಟಿ ಇತ್ತು, ಅದು ವ್ಯಾಪಾರದ ಸೈಟ್‌ಗಳಿಂದ ವರ್ಷಕ್ಕೆ 299 ಡಾಲರ್ ತೆಗೆದುಕೊಳ್ಳುತ್ತಿತ್ತು. 2014ರ ಕೊನೆಯಲ್ಲಿ ಅದು ಮುಚ್ಚಿತು. ಈಗ ಸೈಟ್ ಮಾಲೀಕರಿಗೆ ಅಂತಲೇ ಇರುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟ್‌ಮ್ಯಾಪ್ (ನಿಮ್ಮ ಸೈಟ್‌ನ ಪುಟಗಳ ಪಟ್ಟಿ) ಕೊಡುವುದು ಪೂರ್ತಿ ಉಚಿತ. ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ಗೂ ಹಾಗೇ. ಮಗಳು ಒಂದು ಸಂಜೆ ಕೂತರೆ ಎರಡೂ ಮುಗಿಯುತ್ತವೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್ಲೇ ಬರೆದಿದೆ. ಅಂಥವರು ಎಷ್ಟೋ ಸಲ ಸುಮ್ನೆ ಯಾವ್ಯಾವುದೋ ಸೈಟ್‌ಗಳಲ್ಲಿ ನಿಮ್ಮ ಲಿಂಕ್ ತುಂಬುತ್ತಾರೆ. ರ‍್ಯಾಂಕ್ ಏರಿಸಲು ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ಅದರ ಪೆಟ್ಟು ಬೀಳುವುದು ನಿಮ್ಮ ಸೈಟ್‌ಗೆ, ಅವರಿಗಲ್ಲ.

ದುಡ್ಡಿಗೆ ಸಿಗುವುದು ಜಾಹೀರಾತಿನ ಜಾಗ ಮಾತ್ರ. 1998ರಲ್ಲಿ ಗೋಟು ಡಾಟ್ ಕಾಮ್ ಅನ್ನುವ ಸರ್ಚ್ ಎಂಜಿನ್ ಇದನ್ನು ಕ್ಲಿಕ್ ಲೆಕ್ಕದಲ್ಲಿ ಮಾರತೊಡಗಿತು. 2000ದಲ್ಲಿ ಗೂಗಲ್‌ನ ಜಾಹೀರಾತು ಸೇವೆ ಆಡ್‌ವರ್ಡ್ಸ್ ಬಂತು. ಜಾಹೀರಾತಿಗೆ ಎಷ್ಟೇ ಕಟ್ಟಿದರೂ ಅದರ ಕೆಳಗೆ ಬರುವ ಮಾಮೂಲಿ ಫಲಿತಾಂಶದಲ್ಲಿ ನೀವು ಮೇಲೇರುವುದಿಲ್ಲ.

ಹೋಂಸ್ಟೇ ನಡೆಸುವವಳು, ಚಾಮುಂಡಿ ಬೆಟ್ಟದ ಬಳಿ: ಡೈರೆಕ್ಟರಿಗೆ ಒಂದು ವರ್ಷ ಕಟ್ಟಿದ್ದೆ. ದಸರಾ ಸಮಯಕ್ಕೆ ಫೋನ್ ಬಂದದ್ದು ನಿಜ. ಆದರೆ ಎಲ್ಲರೂ "ಆಗಲೇ ನಾಲ್ಕೈದು ಕಡೆಯಿಂದ ಫೋನ್ ಬಂತು ಮೇಡಂ, ನೀವೆಷ್ಟು ಕಮ್ಮಿ ಮಾಡ್ತೀರಿ?" ಅಂತಲೇ ಶುರು ಮಾಡುತ್ತಿದ್ದರು. ಒಬ್ಬರ ವಿಚಾರಣೆಯನ್ನೇ ಹಲವರಿಗೆ ಕಳಿಸುತ್ತಾರೆ ಅಂತ ಆಗ ಗೊತ್ತಾಯಿತು. ಕಟ್ಟುವ ಮೊದಲು ಇದನ್ನು ಕೇಳಿ, ಬರೆದುಕೊಡಲು ಹೇಳಿ. ನನಗೆ ಜಾಸ್ತಿ ನೋವಾದದ್ದು ಎರಡನೇ ವರ್ಷ. ಹೇಳದೆ ಕೇಳದೆ ಖಾತೆಯಿಂದ ಕಂತು ಹೋಯಿತು. ಆಟೋ ಡೆಬಿಟ್‌ಗೆ ಸಹಿ ಹಾಕಿದ್ದೆ, ಓದಿರಲಿಲ್ಲ. ನಿಲ್ಲಿಸಲು ಬ್ಯಾಂಕಿಗೆ ಎರಡು ಸಲ ಅಲೆದೆ.

ಈಗ ನನಗೆ ಅತಿಥಿಗಳು ಬರುವುದು ಗೂಗಲ್ ಮ್ಯಾಪ್‌ನಿಂದ. ಮ್ಯಾಪ್‌ನಲ್ಲಿ ನಮ್ಮ ಹೆಸರು, ವಿಳಾಸ, ಫೋನ್ ತೋರಿಸುವ ಬಿಸಿನೆಸ್ ಪ್ರೊಫೈಲ್‌ಗೆ ಒಂದು ರೂಪಾಯಿ ಇಲ್ಲ. ಅದಕ್ಕೂ ಫೀಸು ಅಂತ ಯಾರಾದರೂ ಫೋನ್ ಮಾಡಿದರೆ ಓಟಿಪಿ ಹೇಳಬೇಡಿ.

ಗಾಣದ ಎಣ್ಣೆ ಮಾರುವವನು, ಮೈಸೂರು: ಅಕ್ಕ ಹೇಳಿದ್ದು ಸರಿ. ನಾನು ಗೂಗಲ್ ಜಾಹೀರಾತು ಹಾಕಿದ್ದೇನೆ, ಈಗಲೂ ಹಾಕುತ್ತೇನೆ. ಮೊದಲ ತಿಂಗಳು 6,000 ಹೋಯಿತು, ಆರ್ಡರ್ ಮೂರು. ಜನ ಏನು ಹುಡುಕಿ ಒತ್ತಿದ್ದಾರೆ ಅನ್ನುವ ಪಟ್ಟಿ ಅದರಲ್ಲೇ ಸಿಗುತ್ತದೆ. ತೆಗೆದು ನೋಡಿದರೆ ಮುಕ್ಕಾಲು ಪಾಲು "ಗಾಣದ ಮೆಷಿನ್ ಬೆಲೆ"! ಎಣ್ಣೆ ಬೇಕಾದವರೇ ಅಲ್ಲ. ಮೆಷಿನ್, ಬೆಲೆಪಟ್ಟಿ, ತರಬೇತಿ ಅನ್ನುವ ಪದಗಳನ್ನು ಬೇಡದ ಪಟ್ಟಿಗೆ ಹಾಕಿದೆ, ಅವನ್ನು ಹುಡುಕಿದವರಿಗೆ ಜಾಹೀರಾತು ಕಾಣಬಾರದು ಅಂತ. ಊರಿನ ಸೆಟ್ಟಿಂಗೂ ನೋಡಿ. ಮೈಸೂರು ಅಂತ ಕೊಟ್ಟರೂ, ಮೈಸೂರಿನ ಬಗ್ಗೆ ಆಸಕ್ತಿ ಇರುವ ದೂರದವರಿಗೂ ತೋರಿಸುವುದು ಅದರಲ್ಲಿ ತಾನಾಗಿಯೇ ಇರುವ ಸೆಟ್ಟಿಂಗ್. ಅಕ್ಕನ ಹೋಂಸ್ಟೇಗೆ ಅದು ಒಳ್ಳೆಯದೇ. ಅಂಗಡಿಗೇ ಬಂದು ಕೊಳ್ಳುವ ನನ್ನಂಥವರ ವ್ಯಾಪಾರಕ್ಕೆ ದಂಡ. ದಿನಕ್ಕೆ 100 ರೂಪಾಯಿ ಇಟ್ಟು ಶುರು ಮಾಡಿ, ವಾರಕ್ಕೊಮ್ಮೆ ಆ ಪಟ್ಟಿ ಓದಿ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನ್ ಮಾಡುವವರಿಗೆ ಬೇಡ ಅಂದೆ. ಬಿಸಿನೆಸ್ ಪ್ರೊಫೈಲ್‌ಗೆ, ಆಲೆಮನೆ ನಿಜವಾಗಿ ಇದೆಯಾ ಅಂತ ನೋಡಲು ಗೂಗಲ್ ವಿಡಿಯೋ ಕೇಳಿತು. ಬೋರ್ಡು, ಗಾಣ, ಕೊಪ್ಪರಿಗೆ ತೋರಿಸಿ ಮಗಳು ಕಳಿಸಿದಳು, ಒಪ್ಪಿಗೆ ಸಿಕ್ಕಿತು. ಜಾಹೀರಾತನ್ನು ಸಂಕ್ರಾಂತಿಗೆ ಮುಂಚೆ 15 ದಿನ ಮಾತ್ರ ಹಾಕುತ್ತೇನೆ, ಎಳ್ಳು ಬೆಲ್ಲಕ್ಕೆ ಜನ ಹುಡುಕುವುದು ಆಗಲೇ ಅಲ್ವಾ. "ಬೆಲ್ಲ ಮಾಡುವ ವಿಧಾನ" ಅನ್ನುವುದನ್ನು ಬೇಡದ ಪಟ್ಟಿಗೆ ಈಗಲೇ ಬರೆದಿಟ್ಟಿದ್ದೇವೆ.