ಕುಕ್ಕೂ ಟ್ರ್ಯಾಕ್ ಇಟಲಿಯಿಂದ ಅಟ್ಲಾಂಟಿಕ್ ಮಧ್ಯಕ್ಕೆ ಹೋಗಿ ವಾಪಸ್ ಬರ್ತಿದೆ, ಸಹಾಯ ಬೇಕು

ನಾರ್ವಿಚ್_ರಘು
ಮೂರು ರಾತ್ರಿಯಿಂದ ಇದರ ಹಿಂದೆಯೇ ಬಿದ್ದಿದ್ದೇನೆ. ಇಂಗ್ಲೆಂಡಿನಿಂದ ಆಫ್ರಿಕಾಕ್ಕೆ ಹೋದ ಒಂದು ಕುಕ್ಕೂ ಹಕ್ಕಿಯ ಫೈಲ್ ಇಳಿಸಿಕೊಂಡು ಮ್ಯಾಪ್ ಮಾಡಿದೆ. ಗೆರೆ ನೆಟ್ಟಗೆ ಬರುತ್ತಲೇ ಇಲ್ಲ. ಇಟಲಿಯಿಂದ ಸೀದಾ ಸಮುದ್ರಕ್ಕೆ ಹೋಗುತ್ತೆ, ಮತ್ತೆ ಇಟಲಿಗೆ ಬರುತ್ತೆ. ಆಮೇಲೆ ಎರಡು ದಿನ ಏನೂ ಇಲ್ಲ. ಆಮೇಲೆ ಒಂದೇ ನೆಗೆತಕ್ಕೆ ನೈಜರ್. ಮ್ಯಾಪ್ ಮಾಡೋ ಸಾಫ್ಟ್‌ವೇರ್ ಕ್ಯೂಜಿಐಎಸ್ ತೆಗೆದು ಎರಡು ಸಲ ಹೊಸದಾಗಿ ಹಾಕಿದೆ, ಏನೂ ಬದಲಾಗಲಿಲ್ಲ. ಭಾನುವಾರ ಇಲ್ಲಿನ ಕನ್ನಡ ತರಗತಿಯ ಮಕ್ಕಳಿಗೆ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೇನೆ. ಎಲ್ಲಿ ತಪ್ಪಾಗಿದೆ?

ಟೆರೇಸ್_ಆಂಟೆನಾ
ಲ್ಯಾಟ್ (ಅಕ್ಷಾಂಶ), ಲಾಂಗ್ (ರೇಖಾಂಶ) ಅದಲು ಬದಲಾಗಿದೆ. ಪ್ರಾಣಿ ಪಕ್ಷಿಗಳ ಓಡಾಟದ ದತ್ತಾಂಶ ಇಡೋ ಮೂವ್‌ಬ್ಯಾಂಕ್ ಜಾಲತಾಣದ ಫೈಲ್ ಅಲ್ವಾ? ಅದರಲ್ಲಿ ಲಾಂಗ್ ಮೊದಲು, ಲ್ಯಾಟ್ ಆಮೇಲೆ. ಎಲ್ಲರೂ ಅಲ್ಲೇ ಎಡವೋದು.

ನಾರ್ವಿಚ್_ರಘು
ಮೂವ್‌ಬ್ಯಾಂಕ್‌ದೇ. ಎಕ್ಸ್‌ಗೆ ಲಾಂಗ್, ವೈಗೆ ಲ್ಯಾಟ್ ಕೊಟ್ಟಿದ್ದೇನೆ ಸರ್. ಸರಿಯಾಗಿಯೇ ಇದೆ.

ಟೆರೇಸ್_ಆಂಟೆನಾ
ಇನ್ನೊಂದು ಸಲ ನೋಡಿ. ನೈಜರ್‌ನಲ್ಲಿ ಉತ್ತರ 13, ಪೂರ್ವ 12ರ ಹತ್ತಿರ ಇದ್ದರೆ ಅದಲು ಬದಲಾದರೂ ಗೊತ್ತೇ ಆಗಲ್ಲ. ಪಕ್ಕದ ನೈಜೀರಿಯಾದಲ್ಲಿ ಕೂತಿರುತ್ತೆ. ನನಗೆ ಒಂದು ಬಾರಿ ಇಡೀ ವಾರ ಹಾಳಾಗಿತ್ತು.

ಮಲೆನಾಡ_ಹಕ್ಕಿ
ಮಧ್ಯೆ ಬಾಯಿ ಹಾಕ್ತೀನಿ. ಕುಕ್ಕೂ ಯಾಕೆ, ಕೋಗಿಲೆ ಅನ್ನಿ. ಮಕ್ಕಳಿಗೆ ಕನ್ನಡ ಕಲಿಸೋ ಕಡೆ ಕನ್ನಡ ಹೆಸರೇ ಇರಲಿ.

ಸುಮಾ_ಮ್ಯಾಪ್
ಕೋಗಿಲೆ ಬೇರೆ ಹಕ್ಕಿ. ನಮ್ಮದು ಕಾಗೆ ಗೂಡಲ್ಲಿ ಮೊಟ್ಟೆ ಇಡುತ್ತೆ. ಯುರೋಪಿನದು ಜೊಂಡಿನಲ್ಲಿ ಗೂಡು ಕಟ್ಟುವ ಪುಟ್ಟ ಉಲಿಯಕ್ಕಿಯಂಥವುಗಳ ಗೂಡಲ್ಲಿ ಇಡುತ್ತೆ. ಕುಟುಂಬ ಒಂದೇ, ಹಕ್ಕಿ ಬೇರೆ.

ಟೆರೇಸ್ ಅವರೇ, ಅದಲು ಬದಲಾಗಿದ್ದರೆ ಮೊದಲ ಚುಕ್ಕಿಯೇ ಕೆಡಬೇಕಿತ್ತು. ಇಂಗ್ಲೆಂಡಿನ ಥೆಟ್‌ಫರ್ಡ್ ಊರನ್ನೇ ತಗೊಳ್ಳಿ, ಉತ್ತರ 52.4, ಪೂರ್ವ 0.7. ತಿರುಗಿಸಿ ಹಾಕಿದರೆ ಸೊಮಾಲಿಯಾ ಆಚೆ ಹಿಂದೂ ಮಹಾಸಾಗರ. ರಘು ಅವರ ಹಕ್ಕಿ ಇಂಗ್ಲೆಂಡಿನಲ್ಲೇ ಶುರುವಾಗಿದೆ. ಆ ಮಾತು ಬಿಡಿ.

ರಘು, ಮುಖ್ಯವಾದದ್ದನ್ನೇ ನೀವು ಹೇಳಿಲ್ಲ. ಹಕ್ಕಿಗೆ ಕಟ್ಟಿದ ಟ್ಯಾಗ್ ಜಿಪಿಎಸ್‌ದೋ, ಆರ್ಗೋಸ್ ಅನ್ನೋ ಇನ್ನೊಂದು ಉಪಗ್ರಹ ವ್ಯವಸ್ಥೆಯದೋ? ಸಮುದ್ರದ ಸಾಲನ್ನೂ ಅದರ ಹಿಂದಿನದನ್ನೂ ಇಲ್ಲಿ ಹಾಕಿ.

ನಾರ್ವಿಚ್_ರಘು
ಉಪಗ್ರಹ ಟ್ಯಾಗ್ ಅಂದ್ರೆ ಎಲ್ಲ ಜಿಪಿಎಸ್ ಅಂದುಕೊಂಡಿದ್ದೆ. ಸಾಲುಗಳು ಇಲ್ಲಿವೆ:
ಲಾಂಗ್ 7.9, ಲ್ಯಾಟ್ 45.1, ಎಲ್‌ಸಿ 2
ಲಾಂಗ್ -21.4, ಲ್ಯಾಟ್ 43.8, ಎಲ್‌ಸಿ ಬಿ
ಎರಡರ ಮಧ್ಯೆ ಎರಡು ಗಂಟೆ.

ಸುಮಾ_ಮ್ಯಾಪ್
ಎಲ್‌ಸಿ ಅಂದ್ರೆ ಲೊಕೇಶನ್ ಕ್ಲಾಸ್, ಚುಕ್ಕಿ ಎಷ್ಟು ನಿಖರ ಅನ್ನೋ ದರ್ಜೆ. ಆ ಕಾಲಮ್ ಇದೆ ಅಂದ್ರೆ ಆರ್ಗೋಸ್. ಎರಡು ಗಂಟೆಗೆ ಸುಮಾರು 2,300 ಕಿಲೋಮೀಟರ್. ಯಾವ ಹಕ್ಕಿಯೂ ಹಾಗೆ ಹಾರಲ್ಲ.

ಜಿಪಿಎಸ್ ಟ್ಯಾಗ್ ತನ್ನ ಜಾಗ ತಾನೇ ಲೆಕ್ಕ ಹಾಕುತ್ತೆ. ಆರ್ಗೋಸ್ ಟ್ಯಾಗ್ ಸುಮ್ನೆ 401 ಮೆಗಾಹರ್ಟ್ಸ್ ಸುತ್ತಮುತ್ತ ಸಂದೇಶ ಕಳಿಸುತ್ತಾ ಇರುತ್ತೆ. ಉಪಗ್ರಹ ಹತ್ತಿರ ಬರುವಾಗ ತರಂಗ ಏರಿದ ಹಾಗೆ, ದೂರ ಹೋಗುವಾಗ ಇಳಿದ ಹಾಗೆ ಸಿಗುತ್ತೆ, ರೈಲಿನ ಹಾರ್ನ್ ಥರ. ಆ ಏರಿಳಿತದಿಂದ ಜಾಗ ಹುಡುಕುತ್ತಾರೆ. ಈ ಲೆಕ್ಕಕ್ಕೆ ಎರಡು ಉತ್ತರ ಬರುತ್ತೆ. ಉಪಗ್ರಹ ಹೋದ ದಾರಿಯ ಎಡಕ್ಕೊಂದು, ಬಲಕ್ಕೊಂದು, ಕನ್ನಡಿಯಲ್ಲಿ ಕಂಡ ಹಾಗೆ. ಸಂದೇಶ ಕಡಿಮೆ ಸಿಕ್ಕಾಗ ತಪ್ಪು ಕಡೆಯದೇ ಆಯ್ಕೆ ಆಗಬಹುದು. ನಿಮ್ಮ ಅಟ್ಲಾಂಟಿಕ್ ಚುಕ್ಕಿ ಅದೇ ಅಂತ ನನ್ನ ಅನಿಸಿಕೆ.

ಕ್ಲಾಸ್ 3 ಅಂದ್ರೆ 250 ಮೀಟರ್ ಒಳಗೆ. 2 ಅಂದ್ರೆ 500, 1 ಅಂದ್ರೆ 1,500. ಸೊನ್ನೆ ಅದಕ್ಕಿಂತ ಜಾಸ್ತಿ. ಎ, ಬಿ ಗಳಿಗೆ ಎಷ್ಟು ತಪ್ಪಿರಬಹುದು ಅನ್ನೋ ಅಂದಾಜೇ ಕೊಡಲ್ಲ. ಝಡ್ ಬಂದರೆ ಬಿಟ್ಟುಬಿಡಿ.

ಟೆರೇಸ್_ಆಂಟೆನಾ
401 ಅಂದ ಕೂಡಲೇ ಖುಷಿಯಾಯ್ತು. ನಾನು ಬಸವನಗುಡಿ ಮನೆಯ ಟೆರೇಸ್‌ನಿಂದ 137 ಮೆಗಾಹರ್ಟ್ಸ್‌ನಲ್ಲಿ ಹವಾಮಾನ ಉಪಗ್ರಹದ ಚಿತ್ರ ಹಿಡೀತೀನಿ. ತಾಮ್ರದ ತಂತಿಯಲ್ಲಿ ನಾನೇ ಸುತ್ತಿದ ಆಂಟೆನಾ, ಕೆಳಗೆ ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್. ಮೋಡ ಹೇಗೆ ಕಾಣುತ್ತೆ ಅಂತೀರಿ! ಯಾರಿಗಾದರೂ ಅಳತೆ ಬೇಕಾದರೆ ಕೊಡ್ತೀನಿ.

ಮಲೆನಾಡ_ಹಕ್ಕಿ
ನನಗೆ ಬೇಕು ಮಾರಾಯ್ರೆ. ಆದರೆ ಬೇರೆ ಎಳೆಯಲ್ಲಿ ಹಾಕಿ, ಇಲ್ಲಿ ರಘು ಅವರ ಭಾನುವಾರ ಹತ್ತಿರ ಬರ್ತಿದೆ. ಹೆಸರಿನ ವಿಷಯಕ್ಕೆ ಆಮೇಲೆ ಬರ್ತೀನಿ, ನಾನಿನ್ನೂ ಒಪ್ಪಿಲ್ಲ.

ಸುಮಾ_ಮ್ಯಾಪ್
ರಘು, ಫೈಲಿನಲ್ಲಿ ವಿಸಿಬಲ್ ಅಂತ ಒಂದು ಕಾಲಮ್ ಇರುತ್ತೆ. ತಪ್ಪು ಅಂತ ಗುರುತು ಹಾಕಿದ ಸಾಲಿಗೆ ಅಲ್ಲಿ ಫಾಲ್ಸ್ ಇರುತ್ತೆ. ಅವೂ ಸೇರಿ ಇಳಿದಿರಬೇಕು. ಟ್ರೂ ಇರೋದನ್ನು ಮಾತ್ರ ಇಟ್ಟುಕೊಂಡು ಗೆರೆ ಎಳೆಯಿರಿ. ಅಷ್ಟಕ್ಕೂ ಸರಿಯಾಗದಿದ್ದರೆ ಇಂಥ ತಪ್ಪು ಚುಕ್ಕಿಗಳನ್ನು ಸೋಸೋಕೆ ಮೂವ್‌ಬ್ಯಾಂಕ್‌ನಲ್ಲೇ ಡಗ್ಲಸ್ ಆರ್ಗೋಸ್ ಫಿಲ್ಟರ್ ಇದೆ.

ನಾರ್ವಿಚ್_ರಘು
ಅಟ್ಲಾಂಟಿಕ್ ಹೋಯ್ತು!! ಆ ಸಾಲಿನಲ್ಲಿ ಫಾಲ್ಸ್ ಅಂತಲೇ ಇತ್ತು. ಮೂರು ರಾತ್ರಿ ಕಣ್ಣಿಗೇ ಬಿದ್ದಿರಲಿಲ್ಲ. ತುಂಬಾ ಥ್ಯಾಂಕ್ಸ್ ಮೇಡಂ.

ಆದರೆ ಎರಡು ದಿನದ ಖಾಲಿ ಹಾಗೇ ಇದೆ. ಹಕ್ಕಿ ಎಲ್ಲಾದರೂ ಬಿದ್ದಿತ್ತಾ?

ಸುಮಾ_ಮ್ಯಾಪ್
ಇಲ್ಲ, ಟ್ಯಾಗ್ ನಿದ್ದೆ ಮಾಡ್ತಿತ್ತು. 5 ಗ್ರಾಂ ಟ್ಯಾಗ್, ಬೆನ್ನ ಮೇಲೆ ಸಣ್ಣ ಸೋಲಾರ್ ಹಲಗೆ. ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿಯವರು 2011ರಲ್ಲಿ ನಿಮ್ಮ ಕಡೆಯ ಐದು ಗಂಡು ಕುಕ್ಕೂಗಳಿಗೆ ಇಂಥದ್ದು ಕಟ್ಟಿದಾಗ 10 ಗಂಟೆ ಸಂದೇಶ, 48 ಗಂಟೆ ಚಾರ್ಜ್ ಅಂತ ಇಟ್ಟಿದ್ದರು. ಆ ನಿದ್ದೆಯ ಹೊತ್ತಲ್ಲೇ ಹಕ್ಕಿ ಮೆಡಿಟರೇನಿಯನ್ ಮತ್ತು ಸಹಾರಾ ದಾಟಿಬಿಟ್ಟಿದೆ. ನಿಮ್ಮ ಗೆರೆ ನೇರ ಇರೋದು ಮಧ್ಯೆ ಚುಕ್ಕಿ ಇಲ್ಲದ್ದಕ್ಕೆ. ಮಕ್ಕಳಿಗೆ ಆ ಭಾಗ ಚುಕ್ಕೆ ಗೆರೆಯಲ್ಲಿ ತೋರಿಸಿ.

ಟೆರೇಸ್_ಆಂಟೆನಾ
ಕಾಂಗೋ ತಲುಪಿದ ಮೇಲೆ ನೋಡಿ, ಚುಕ್ಕಿ ಇನ್ನೂ ಕಡಿಮೆ ಆಗುತ್ತೆ. ದಟ್ಟ ಕಾಡು, ಮೋಡ. ಬಿಸಿಲು ಸಿಗದಿದ್ದರೆ ಚಾರ್ಜ್ ಎಲ್ಲಿಂದ ಬರಬೇಕು? ಆಂಟೆನಾದ ಎಳೆ ಬೇರೆ ಶುರು ಮಾಡಿದ್ದೇನೆ.

ನಾರ್ವಿಚ್_ರಘು
ಹೌದು ಸರ್, ಅಲ್ಲಿ ಕೆಲವು ವಾರ ಎ, ಬಿ ಮಾತ್ರ ಇವೆ. ಕೊನೇ ಪ್ರಶ್ನೆ. ವಸಂತದಲ್ಲಿ ಸೀದಾ ಉತ್ತರಕ್ಕೆ ಬರದೆ ಗೆರೆ ಪಶ್ಚಿಮಕ್ಕೆ, ಘಾನಾ ಕಡೆಗೆ ತಿರುಗಿದೆ. ಇದೂ ಕನ್ನಡಿ ಚುಕ್ಕಿಯಾ? ಎಲ್‌ಸಿ ಮಾತ್ರ 3 ಇದೆ.

ಸುಮಾ_ಮ್ಯಾಪ್
3 ಇದ್ದರೆ ನಂಬಿ. ಹೋಗುವ ದಾರಿಯೇ ಬೇರೆ, ಬರುವ ದಾರಿಯೇ ಬೇರೆ. ಮರುಭೂಮಿ ದಾಟೋ ಮುಂಚೆ ಪಶ್ಚಿಮ ಆಫ್ರಿಕಾದಲ್ಲಿ ಹುಳುಗಳನ್ನು ತಿಂದು ಕೊಬ್ಬು ತುಂಬಿಕೊಳ್ಳುತ್ತವೆ. ಆ ತಿರುವನ್ನು ಅಳಿಸಬೇಡಿ.